ಹಳದೀಪುರದಿಂದ ಬರೆದ ಕಾಗದ

ಯುಗಾದಿಗೆ ನಾಲ್ಕು ದಿನ ಮುಂಚೆ, ಬನಶಂಕರಿಯ ನಮ್ಮ ಮನೆಯ ಅಟ್ಟವನ್ನು ಗುಡಿಸುತ್ತಿದ್ದಾಗ ಒಂದು ತಗಡಿನ ಪೆಟ್ಟಿಗೆ ಕೆಳಗಿಳಿಯಿತು. ಅದು ನನ್ನ ತಾಯಿಯವರ ತವರುಮನೆಯಿಂದ, ಹೊನ್ನಾವರದ ಕಡೆಯಿಂದ, ಬಂದದ್ದು. ತೆರೆದು ನೋಡಿದರೆ ಅಂಚು ಮುರಿದ ಕಾಗದಗಳು, ತೀರ್ವೆಯ ರಸೀತಿಗಳು, ಗೇಣಿ ಚೀಟಿಗಳು.

“ಇದನ್ನೆಲ್ಲ ಹಳೇ ಪೇಪರಿನವನಿಗೆ ಹಾಕಿಬಿಡೋಣವೇನ್ರೀ?” ಎಂದು ನನ್ನಾಕೆ ಕೇಳಿದಳು.

ತಾಯಿಯವರು ಮಾತನಾಡಲಿಲ್ಲ. ನನಗೆ ಮಾತ್ರ ಆ ಕ್ಷಣದಲ್ಲಿ, ಇನ್ನೂರಕ್ಕೂ ಮಿಕ್ಕಿ ವರ್ಷಗಳ ಹಿಂದೆ ಅದೇ ಹೊನ್ನಾವರದ ಸಮೀಪದ ಹಳದೀಪುರದಲ್ಲಿ ಕುಳಿತು ಕಾಗದ ಬರೆದ ಒಬ್ಬ ಪರದೇಶಿಯ ನೆನಪಾಯಿತು. ಆತನ ಹೆಸರು ಥಾಮಸ್ ಮನ್ರೋ. ಮಂತ್ರಾಲಯದ ಕಥೆಯನ್ನು ಕೇಳಿದವರಿಗೆಲ್ಲ ಈ ಹೆಸರು ಪರಿಚಿತವೇ. ಆ ಕಥೆ ಭಕ್ತರ ಶ್ರದ್ಧೆಗೆ ಸೇರಿದುದು. ನಾನು ಹೇಳಹೊರಟಿರುವುದು ಆತನ ಕಾಗದಗಳ ಕಥೆಯನ್ನು.

ಒಲ್ಲದ ಅಧಿಕಾರ

ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನಿಕನಾಗಿ ಮದರಾಸಿಗೆ ಬಂದನು. ಹೈದರಾಲಿಯ ವಿರುದ್ಧ ಕಾದಾಡಿದನು. 1792ರಿಂದ ಏಳು ವರ್ಷ ಬಾರಾಮಹಲ್ ಪ್ರಾಂತದಲ್ಲಿ ಕಂದಾಯದ ಕೆಲಸವನ್ನು ಕಲಿತನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನ ರಾಜ್ಯ ಹಂಚಿಹೋಯಿತು. ಉತ್ತರದ ಕಾರವಾರದಿಂದ ದಕ್ಷಿಣದಲ್ಲಿ ಕಾಸರಗೋಡಿನಾಚೆಯವರೆಗೆ ಹಬ್ಬಿದ ಕೆನರಾ ಜಿಲ್ಲೆ ಕಂಪನಿಯ ಪಾಲಿಗೆ ಬಂದು, ಅದರ ಕಲೆಕ್ಟರಾಗಿ ಮನ್ರೋ ನೇಮಕಗೊಂಡನು.

ಆತನಿಗೆ ಆ ಹುದ್ದೆ ಬೇಕಿರಲಿಲ್ಲ. ಧರ್ಮಪುರಿಯಲ್ಲಿ ತಾನು ಬೆಳೆಸಿದ ಪುಟ್ಟ ತೋಟವನ್ನು ಬಿಟ್ಟುಬರುವ ಸಂಕಟವನ್ನು ಸ್ಕಾಟ್ಲೆಂಡಿನಲ್ಲಿದ್ದ ತಂಗಿಗೆ ಬರೆದುಕೊಂಡನು. ಹೊಸ ಸೀಮೆಯಲ್ಲಿ ಮುಂಗಾರು ಬಿಡದೆ ಸುರಿಯುತ್ತಿತ್ತು. ಹೊಳೆ ದಾಟಿದರೆ ಮತ್ತೊಂದು ಹೊಳೆ, ಗುಡ್ಡ ಇಳಿದರೆ ಇನ್ನೊಂದು ಗುಡ್ಡ. ಕುದುರೆಯ ಮೇಲೆ ನಾಡನ್ನು ಸುತ್ತಿ ರೂಢಿಯಾದವನಿಗೆ ಇದು ಸೆರೆಮನೆಯಂತಾಯಿತು. ಬಾರಾಮಹಲಿನ ಏಳು ವರ್ಷಗಳ ದುಡಿಮೆಗಿಂತ ಇಲ್ಲಿನ ಒಂದು ವರ್ಷದ ದುಡಿಮೆಯೇ ಹೆಚ್ಚೆಂದು ಗೊಣಗಿದನು. ತನ್ನನ್ನು ಬೇರೆಡೆಗೆ ವರ್ಗ ಮಾಡಬೇಕೆಂದು ಮದರಾಸಿನ ಮಿತ್ರರನ್ನು ಬೇಡಿಕೊಂಡನು. ಆಗ ಹಡಗು ಆಫ್ರಿಕದ ತುದಿಯನ್ನು ಬಳಸಿ ಬಿಲಾಯತಿಯನ್ನು ತಲುಪಲು ಐದಾರು ತಿಂಗಳು ಹಿಡಿಯುತ್ತಿತ್ತು. ಮಳೆಯನ್ನು ಶಪಿಸಿ ಬರೆದ ಓಲೆ ತಂಗಿಯ ಕೈಸೇರುವ ಹೊತ್ತಿಗೆ ಇಲ್ಲಿ ಗದ್ದೆಗಳ ಕೊಯ್ಲೇ ಮುಗಿದಿರುತ್ತಿತ್ತು!

ಕರಿಯ ಕಡತಗಳು

ಮನೆಗೆ ಬರೆದ ಕಾಗದಗಳಲ್ಲಿ ಹೀಗೆ ಗೋಳಾಡಿದ ಮನುಷ್ಯನೇ ಸರಕಾರಕ್ಕೆ ಬರೆದ ಕಾಗದದಲ್ಲಿ ಬೇರೊಬ್ಬನಾಗಿ ಕಾಣುತ್ತಾನೆ. 1800ನೆಯ ಇಸವಿಯ ಮೇ 31ರಂದು ಹಳದೀಪುರದಿಂದ ಮದರಾಸಿನ ಕಂದಾಯ ಮಂಡಲಿಗೆ ಆತನು ಬರೆದ ದೀರ್ಘ ವರದಿ ಇಂದಿಗೂ ಇತಿಹಾಸಕಾರರಿಗೆ ಆಕರವಾಗಿದೆ.

ಕರಾವಳಿಯ ಒಕ್ಕಲು ಹೊಸ ದೊರೆಗಳಿಗೆ ಸುಲಭವಾಗಿ ಬಗ್ಗಲಿಲ್ಲ. ಭೂಮಿ ತಮ್ಮದು, ಸರಕಾರಕ್ಕೆ ಸಲ್ಲತಕ್ಕದ್ದು ಕಟ್ಟಿನ ತೀರ್ವೆ ಮಾತ್ರ ಎಂಬುದು ಅವರ ವಾದ. ಇದಕ್ಕೆ ಆಧಾರವೇನೆಂದು ಮನ್ರೋ ಹುಡುಕಿದಾಗ ಅವನ ಮುಂದೆ ಬಂದದ್ದು ಶಾನುಭೋಗರ ಕರಿಯ ಕಡತಗಳು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಕರಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಪುಸ್ತಕಗಳಿವು.

ಆ ಲೆಕ್ಕಗಳ ನೆರವಿನಿಂದ ಆತನು ವಿಜಯನಗರದ ಹರಿಹರನ ಕಾಲದ ಕಟ್ಟಳೆಯವರೆಗೆ ಹಿಂದೆ ಹೋದನು. ಬೆಳೆದುದರಲ್ಲಿ ಅರ್ಧ ಉಳುವವನಿಗೆ. ಕಾಲುಭಾಗ ಭೂಮಿಯ ಒಡೆಯನಿಗೆ. ಉಳಿದ ಕಾಲುಭಾಗದಲ್ಲಿ ಒಟ್ಟು ಬೆಳೆಯ ಆರನೆಯ ಒಂದು ಪಾಲು ಅರಸನಿಗೆ, ಮೂವತ್ತನೆಯ ಒಂದು ಪಾಲು ದೇವಸ್ಥಾನಗಳಿಗೆ, ಇಪ್ಪತ್ತನೆಯ ಒಂದು ಪಾಲು ಬ್ರಾಹ್ಮಣರಿಗೆ. ಅನಂತರ ಇಕ್ಕೇರಿಯ ಅರಸರು ಇದನ್ನು ಏರಿಸಿದರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅದು ಇನ್ನಷ್ಟು ಏರಿ, ಹಲವೆಡೆ ಭೂಮಿ ಬೆಲೆ ಕಳೆದುಕೊಂಡು ಪಾಳುಬಿದ್ದಿತು. ಇದನ್ನೆಲ್ಲ ವಿವರಿಸಿ, ಇಲ್ಲಿನ ನೆಲ ಸರಕಾರದ ಸ್ವತ್ತಲ್ಲ, ಸಣ್ಣ ಹಿಡುವಳಿದಾರರ ಪುರಾತನ ಆಸ್ತಿ ಎಂದು ಮನ್ರೋ ಸಾರಿದನು.

ಗಮನಿಸಬೇಕಾದ ಮಾತೆಂದರೆ, ಈ ಅರಿವು ಆತನದಲ್ಲ. ಅದು ಕಡತ ಬರೆದವರದು, ಕಡತವನ್ನು ಓದಿ ಹೇಳಿದವರದು, “ಭೂಮಿ ನಮ್ಮದು” ಎಂದು ಹಟ ಹಿಡಿದವರದು. ಅವರ ಮಾತು ಆತನ ಲೇಖನಿಯ ಮೂಲಕ ಮದರಾಸನ್ನು ಮುಟ್ಟಿತು.

ಸಮುದ್ರದಾಚೆಯ ಇನ್ನೊಂದು ಓಲೆ

ಇದೇ 1800ರಲ್ಲಿ ಅಮೆರಿಕದ ಪಶ್ಚಿಮದ ಗಡಿಯಲ್ಲಿ ಇಂಡಿಯಾನಾ ಪ್ರಾಂತವೆಂಬುದು ರಚಿತವಾಗಿ, ವಿಲಿಯಂ ಹೆನ್ರಿ ಹ್ಯಾರಿಸನ್ ಎಂಬ ತರುಣ ಅದರ ಗವರ್ನರಾದನು. ಅವನೂ ಕಾಡುಮೇಡುಗಳ ನಡುವೆ ಕುಳಿತು ರಾಜಧಾನಿಗೆ ಕಾಗದ ಬರೆಯುತ್ತಿದ್ದವನೇ. 1803ರ ಫೆಬ್ರವರಿ 27ರಂದು ಅಧ್ಯಕ್ಷ ಜೆಫರ್‌ಸನ್ ಅವನಿಗೊಂದು ಖಾಸಗಿ ಪತ್ರವನ್ನು ಬರೆದನು. ಅದರ ತಾತ್ಪರ್ಯವಿಷ್ಟು: ಅಲ್ಲಿನ ಮೂಲನಿವಾಸಿಗಳ ಪ್ರಮುಖರು ಸರಕಾರದ ಅಂಗಡಿಗಳಲ್ಲಿ ಸಾಲಕ್ಕೆ ಬೀಳಲಿ, ತೀರಿಸಲಾರದಷ್ಟು ಸಾಲವಾದಾಗ ಅವರೇ ಭೂಮಿಯನ್ನು ಬಿಟ್ಟುಕೊಡುವರು. 1809ರ ಒಂದೇ ಒಡಂಬಡಿಕೆಯಲ್ಲಿ ಹ್ಯಾರಿಸನ್ ಸುಮಾರು ಮೂವತ್ತು ಲಕ್ಷ ಎಕರೆಗಳನ್ನು ಪಡೆದನು. ಮುಂದೆ, 1841ರಲ್ಲಿ, ಅವನು ಅಮೆರಿಕದ ಅಧ್ಯಕ್ಷನೂ ಆಗಿ ಒಂದೇ ತಿಂಗಳಲ್ಲಿ ತೀರಿಕೊಂಡನು.

ಒಂದು ಪತ್ರ ನೆಲವನ್ನು ಬಿಡಿಸುವ ಉಪಾಯ. ಇನ್ನೊಂದು ನೆಲ ಯಾರದೆಂಬ ವಿಚಾರಣೆ. ಹಾಗೆಂದು ಮನ್ರೋವನ್ನು ಧರ್ಮರಾಯನನ್ನಾಗಿ ಮಾಡಬೇಕಿಲ್ಲ. ಆತನು ಕಂಪನಿಯ ಬೊಕ್ಕಸಕ್ಕಾಗಿ ದುಡಿದವನು. ಆತನ ಆಡಳಿತದಲ್ಲಿಯೇ, 1800ರಲ್ಲಿ, ಬಂಡೆದ್ದ ವಿಟ್ಲದ ಹೆಗ್ಗಡೆಯನ್ನು ಗಲ್ಲಿಗೇರಿಸಲಾಯಿತು. ಎರಡೂ ಕಡೆ ಬಂದವರು ಆಳಲೆಂದೇ ಬಂದವರು. ಆದರೆ ಕಲೆಕ್ಟರನ ಮುಂದೆ ಒಂದು ಕಡತ ತೆರೆದಿತ್ತು, ಅದನ್ನು ಆತನು ಮುಚ್ಚಿಡಲಿಲ್ಲ ಎಂಬಷ್ಟನ್ನು ಹೇಳಲೇಬೇಕು.

ಹದಿಮೂರು ವರ್ಷಕ್ಕೆ ಬಂದ ಉತ್ತರ

1800ರ ಕೊನೆಗೆ ಮನ್ರೋವಿನ ಮೊರೆ ಫಲಿಸಿತು. ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಕಡಪ ಮುಂತಾದ ಸೀಮೆಗೆ ಆತನು ವರ್ಗವಾದನು. ಅಲ್ಲಿ ಮೊದಲ ಕೆಲವು ವರ್ಷ ಡೇರೆಯೇ ಮನೆ, ಡೇರೆಯೇ ಕಚೇರಿ. ಹೊಲಹೊಲವನ್ನೂ ಅಳೆಯಿಸಿ ಕಂದಾಯ ಗೊತ್ತುಪಡಿಸಿದ ಮೇಲೆ, ತಾನೇ ಹೊರಿಸಿದ ಹೊರೆ ಹೆಚ್ಚಾಯಿತೆಂದು ಆತನಿಗೆ ತೋರಿತು. 1807ರ ಆಗಸ್ಟ್ 15ರಂದು ಸರಕಾರಕ್ಕೆ ಬರೆದನು: ಎಲ್ಲ ಭೂಮಿಗೂ ಶೇಕಡ 25ರಷ್ಟು ಕಂದಾಯವನ್ನು ಇಳಿಸಬೇಕು; ಬಾವಿ, ಕೆರೆಗಳ ನೀರಿನ ಜಮೀನಿಗೆ ಇನ್ನೂ ಶೇಕಡ 8 ಬಿಡಬೇಕು.

ಸರಕಾರ ಒಪ್ಪಲಿಲ್ಲ. ಮನ್ರೋ ಸ್ವದೇಶಕ್ಕೆ ಹೊರಟನು. ಹಳ್ಳಿಗಳನ್ನು ಗುತ್ತಿಗೆಗೆ ಕೊಡುವ ಬೇರೆ ಪದ್ಧತಿ ಜಾರಿಗೆ ಬಂದು, ಒಕ್ಕಲು ಮತ್ತಷ್ಟು ಬಳಲಿತು. ಕಾಲಚಕ್ರ ಉರುಳಿ 1820ರಲ್ಲಿ ಮದರಾಸಿನ ಗವರ್ನರಾಗಿ ಬಂದವನು ಬೇರಾರೂ ಅಲ್ಲ, ಅದೇ ಮನ್ರೋ! ಆ ವರ್ಷವೇ ರೈತವಾರಿ ಪದ್ಧತಿ ಮರಳಿತು. ಶೇಕಡ 25ರ ಇಳಿಕೆಯೂ ಮಂಜೂರಾಯಿತು. ಕಲೆಕ್ಟರನು ಬರೆದ ಕಾಗದಕ್ಕೆ ಹದಿಮೂರು ವರ್ಷಗಳ ಮೇಲೆ ಗವರ್ನರನು ಉತ್ತರ ಕೊಟ್ಟನು, ಇಬ್ಬರೂ ಒಬ್ಬನೇ. ಆದರೆ ಆ ಹದಿಮೂರು ಸುಗ್ಗಿಗಳನ್ನು ಬಳ್ಳಾರಿಯ ರೈತನಿಗೆ ಯಾರು ಹಿಂದಿರುಗಿಸಿಯಾರು?

1824ರ ಡಿಸೆಂಬರ್ 31ರಂದು ಬರೆದ ಟಿಪ್ಪಣಿಯಲ್ಲಿ ಆತನು ಇನ್ನೂ ದೂರ ನೋಡಿದನು. ದೊಡ್ಡ ಹುದ್ದೆಗಳಿಂದ ಜನರನ್ನು ಹೊರಗಿಟ್ಟರೆ ಅವರ ಶೀಲವೇ ಕುಗ್ಗುವುದೆಂದೂ, ಅವರು ತಮ್ಮನ್ನು ತಾವೇ ಆಳಿಕೊಳ್ಳಬಲ್ಲವರಾದ ದಿನ ಆಂಗ್ಲರು ಹಿಂದೆ ಸರಿಯುವುದೇ ಲೇಸೆಂದೂ ಅಧಿಕಾರದ ಪೀಠದಲ್ಲಿ ಕುಳಿತೇ ಬರೆದನು.

1826ರಲ್ಲಿ ಅಸ್ವಸ್ಥನಾದ ಕಿರಿಯ ಮಗನೊಡನೆ ಪತ್ನಿ ಸ್ವದೇಶಕ್ಕೆ ಹೊರಟುಹೋದಳು. ಗಿಂಡಿಯ ಮನೆ, ತೋಟಗಳು ಅವರಿಲ್ಲದೆ ಬಿಕೋ ಎನ್ನುತ್ತಿವೆಯೆಂದು ಆಕೆಗೆ ಬರೆದ ಮನುಷ್ಯ, ಧರ್ಮಪುರಿಯ ತೋಟಕ್ಕಾಗಿ ಹಂಬಲಿಸಿದ ಅದೇ ಅಣ್ಣ. ತಾನೂ ಹೊರಡುವ ಮುನ್ನ ಹಳೆಯ ಸೀಮೆಯನ್ನು ಕಡೆಯದಾಗಿ ನೋಡಿಬರಲೆಂದು ಹೋದನು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ಪ್ರಾಣಬಿಟ್ಟನು.

ಮೂರು ವರ್ಷಗಳಲ್ಲಿ, 1830ರಲ್ಲಿ, ಗ್ಲೈಗ್ ಎಂಬಾತ ಈ ಕಾಗದಗಳನ್ನು ಸೇರಿಸಿ ಮನ್ರೋವಿನ ಜೀವನಚರಿತ್ರೆಯನ್ನು ಪ್ರಕಟಿಸಿದನು. ಮೂಲ ಪತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿವೆ. ಆಳಿದವನ ಕಾಗದ ಹೀಗೆ ಉಳಿಯಿತು. ಆಳಿಸಿಕೊಂಡವರ ಕಾಗದವೋ? ಗೆದ್ದಲಿಗೆ, ಒಲೆಗೆ, ರದ್ದಿಯವನ ತಕ್ಕಡಿಗೆ ಎಷ್ಟು ಹೋಯಿತೊ!

ಅಂದು ಸಂಜೆ ಆ ಪೆಟ್ಟಿಗೆಯ ಮುಂದೆ ಕುಳಿತ ತಾಯಿಯವರು ಒಂದು ರಸೀತಿಯನ್ನು ಕಣ್ಣಿನ ಸಮೀಪ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಗದ್ದೆಯ ಹೆಸರನ್ನು ಓದಿದರು. ಆ ಗದ್ದೆ ಈಗ ನಮ್ಮದಲ್ಲ. ಆದರೂ ಅದರ ಬದುವಿನ ಮೇಲೆ ತಾವು ಓಡಾಡಿದ್ದನ್ನು ಮೊಮ್ಮಗಳಿಗೆ ಹೇಳತೊಡಗಿದರು. ನನ್ನಾಕೆ ಎದ್ದು ಹೋಗಿ ನಾಲ್ಕು ನುಸಿಗುಳಿಗೆಗಳನ್ನೂ ಒಂದು ಹಳೆಯ ರೇಷ್ಮೆ ವಸ್ತ್ರವನ್ನೂ ತಂದಳು.

ಪೆಟ್ಟಿಗೆ ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ಪುಸ್ತಕದ ಕಪಾಟಿನಲ್ಲಿಯೇ ಅದಕ್ಕೆ ಜಾಗವಾಯಿತು.