ಮೋಟಾರ್ ಸೈಕಲಿನ ದುರಸ್ತಿಗೆ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಮರದ ಪೀಠ

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಿ ಜೀವಿಸುವ ಕುಟುಂಬಗಳು ಬಹಳ. ಹಿಂದೆ ಎತ್ತಿನ ಗಾಡಿಯು ಮಾಡುತ್ತಿದ್ದ ಕೆಲಸದಲ್ಲಿ ಹೆಚ್ಚು ಭಾಗವನ್ನು ಇವರಲ್ಲಿ ಅನೇಕರಿಗೆ ಈಗ ಮೊಪೆಡ್ಡು, ಮೋಟಾರ್ ಸೈಕಲುಗಳೇ ಮಾಡಿಕೊಡುತ್ತಿರುವುವು. ತೋಟದ ಸೊಪ್ಪು ಮನೆಗೆ ಬರುವುದೂ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವುದೂ ಇವುಗಳ ಮೇಲೆಯೇ.

ಹುಳುಗಳನ್ನು ಚಂದ್ರಿಕೆಗೆ ಬಿಟ್ಟ 5-6ನೆಯ ದಿನ ಮಿಶ್ರತಳಿಯ ಗೂಡನ್ನು ಬಿಡಿಸುವುದು ವಾಡಿಕೆ. ಆ ಬಳಿಕ ಕಾಲಹರಣಕ್ಕೆ ಎಡೆಯಿಲ್ಲ. ಒಳಗಿನ ಕೋಶವು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬಂದರೆ ಆ ಗೂಡಿನಿಂದ ನೂಲು ಬಿಚ್ಚಲಾಗದು. ಗೂಡು ಸಾಗಿಸಬೇಕಾದ ಮುಂಜಾನೆಯೇ ಚೈನು ಕಳಚಿತೆಂದರೆ ಒಂದು ಬೆಳೆಯ ಶ್ರಮವೆಲ್ಲ ಅಂಗಳದಲ್ಲಿ ನಿಲ್ಲುವುದು. ಆದುದರಿಂದ ಚೈನನ್ನು ಶುಚಿಮಾಡಿ ಎಣ್ಣೆ ಹಾಕುವುದು, ಎಂಜಿನ್ ಆಯಿಲು ಬದಲಾಯಿಸುವುದು, ಬ್ರೇಕನ್ನು ಸರಿಪಡಿಸುವುದು, ಪಂಕ್ಚರು ಹಾಕುವುದು ಮುಂತಾದ ಸಣ್ಣ ಕೆಲಸಗಳನ್ನು ಮನೆಯಲ್ಲಿಯೇ ಕಾಲಕಾಲಕ್ಕೆ ಮಾಡಿಕೊಳ್ಳುವುದು ಲೇಸು.

ಈ ಕೆಲಸಗಳನ್ನು ಮಣ್ಣಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಮಾಡಿದರೆ ಸೊಂಟ ನೋಯುವುದಲ್ಲದೆ, ಬಿಚ್ಚಿದ ನಟ್ಟುಗಳು ಧೂಳಿನಲ್ಲಿ ಕಾಣೆಯಾಗುವುವು. ಮೆತ್ತನೆಯ ನೆಲದಲ್ಲಿ ಸ್ಟ್ಯಾಂಡು ಹೂತು ವಾಹನವು ಮಗುಚುವ ಭಯವೂ ಉಂಟು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವಾಗ ನೊಗವನ್ನು ಊರೆಗೋಲಿನ ಮೇಲೆ ನಿಲ್ಲಿಸುತ್ತಿದ್ದರೇ ಹೊರತು ಮನುಷ್ಯನ ಹೆಗಲ ಮೇಲಲ್ಲ. ಮೋಟಾರ್ ಸೈಕಲಿಗೂ ಅದೇ ನ್ಯಾಯವು ಸಲ್ಲತಕ್ಕದ್ದು.

ಪೀಠವು 6 ಅಡಿ ಉದ್ದ, 2½ ಅಡಿ ಅಗಲ, 15 ಅಂಗುಲ ಎತ್ತರವಿದ್ದರೆ ಸಾಕು. ಇದಕ್ಕಿಂತ ಎತ್ತರವಾದರೆ ವಾಹನವನ್ನು ಏರಿಸುವುದು ಕಷ್ಟ. ಹೊಲದ ಬದುವಿನ ನೀಲಗಿರಿ, ಜಾಲಿ, ಬೇವು ಇವುಗಳಲ್ಲಿ ಯಾವುದಾದರೂ ಆಗಬಹುದು. ಸಿಲ್ವರ್ ಓಕ್ ಕೊಯ್ಯಲು ಸುಲಭವಾದರೂ ಮೆದು. ಅದನ್ನು ಕಾಲುಗಳಿಗೆ ಉಪಯೋಗಿಸದಿರುವುದು ಮೇಲು. ಹಸಿಮರವಂತೂ ಕೂಡದು. ನೀಲಗಿರಿಯನ್ನು ಹಸಿಯಾಗಿಯೇ ಜೋಡಿಸಿದರೆ ಕೆಲವೇ ವಾರಗಳಲ್ಲಿ ತಿರುಚಿ, ಸೀಳಿ, ಬೋಲ್ಟುಗಳು ಸಡಿಲವಾಗುವುವು. ಕೊಯ್ದ ಮರವನ್ನು ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ ಕೆಲವು ತಿಂಗಳು ಒಣಗಿಸತಕ್ಕದ್ದು.

3 ಅಂಗುಲ ಚೌಕದ ಆರು ಕಾಲುಗಳೂ 3x4 ಅಂಗುಲದ ಮೂರು ಅಡ್ಡತೊಲೆಗಳೂ ಬೇಕು. ಎರಡು ಕಾಲಿಗೆ ಒಂದು ಅಡ್ಡತೊಲೆಯಂತೆ ಮೂರು ಚೌಕಟ್ಟುಗಳನ್ನು ಮಾಡಿ, ಎರಡು ತುದಿಗಳಲ್ಲಿಯೂ ನಡುವೆಯೂ ನಿಲ್ಲಿಸುವುದು. ಇಲ್ಲಿ ಒಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು. ಕಾಲಿನ ತಲೆಯಲ್ಲಿ ಕಚ್ಚು ಕಡಿದು ಅಡ್ಡತೊಲೆಯನ್ನು ಆ ಕಚ್ಚಿನ ಮೇಲೆ ಕೂರಿಸಬೇಕು. ಭಾರವನ್ನು ಮರವು ಹೊರಬೇಕು. ಬೋಲ್ಟು ಅದನ್ನು ಸ್ಥಾನದಲ್ಲಿ ಹಿಡಿಯುವುದಕ್ಕೆ ಮಾತ್ರ. ಬರಿಯ ಮೊಳೆ ಹೊಡೆದು ತೊಲೆಯನ್ನು ಕಾಲಿಗೆ ನೇತುಹಾಕಿದ ಪೀಠವು ನೋಡಲು ಭದ್ರವಾಗಿಯೇ ಕಂಡರೂ ಒಂದು ದಿನ ಮೋಸಮಾಡುವುದು ಖಂಡಿತ. ಕೂಡಿಕೆಗೆ 10 ಮಿಲಿಮೀಟರಿನ ಎರಡೆರಡು ಬೋಲ್ಟು, ವಾಷರುಗಳನ್ನು ಹಾಕಿ ಬಿಗಿಯುವುದು. ಉದ್ದದ ಪಕ್ಕಗಳಲ್ಲಿಯೂ ಅಗಲದಲ್ಲಿಯೂ ಕಾಲಿನಿಂದ ಕಾಲಿಗೆ ಓರೆಪಟ್ಟಿಗಳನ್ನು ಜಡಿಯದಿದ್ದರೆ ವಾಹನವನ್ನು ತಳ್ಳುವಾಗ ಪೀಠವೇ ಓಲಾಡುವುದು. ಮೇಲೆ 2 ಅಂಗುಲ ದಪ್ಪದ ಹಲಗೆಗಳನ್ನು ಉದ್ದಕ್ಕೆ ಹಾಸತಕ್ಕದ್ದು.

ಏರುಹಲಗೆಯೂ ಅಷ್ಟೇ ದಪ್ಪವಾಗಿ, 6 ಅಡಿ ಉದ್ದ, 10 ಅಂಗುಲ ಅಗಲವಿರಲಿ. ಜಾರದಂತೆ ಅಡ್ಡಪಟ್ಟಿಗಳನ್ನು ಹೊಡೆದು, ನಡುವೆ ಕೆಳಗೊಂದು ದಿಮ್ಮಿ ಕೊಟ್ಟು, ಮೇಲ್ತುದಿಯನ್ನು ಕಬ್ಬಿಣದ ಕೊಂಡಿಯಿಂದ ಪೀಠಕ್ಕೆ ಸಿಕ್ಕಿಸುವುದು. ಮುಂಚಕ್ರವು ನಿಲ್ಲುವೆಡೆ ಟೈರಿನ ಅಗಲಕ್ಕೆ ಸರಿಯಾಗಿ ಎರಡು ಕಡೆಗೂ ಮುಂದೆಯೂ ದಿಮ್ಮಿಗಳನ್ನು ಬಿಗಿಯಬೇಕು. ಹ್ಯಾಂಡಲಿನ ಎರಡು ಪಕ್ಕಗಳನ್ನು ಹಗ್ಗದಿಂದ ಕೆಳಕ್ಕೆ ಕಟ್ಟಲು ಪೀಠದ ಅಂಚಿಗೆ ಬಳೆಗಳನ್ನು ಹಾಕುವುದು. ಕೊಳ್ಳಬೇಕಾದುದು ಈ ಬಳೆ, ಕೊಂಡಿ, ಬೋಲ್ಟು, ಮೊಳೆಗಳಷ್ಟೆ. ಬಡಗಿಯ ಸಹಾಯವಿದ್ದರೆ ಎರಡು ದಿನದ ಕೆಲಸ.

ನೂರು ಕಿಲೋ ಆಸುಪಾಸು ತೂಗುವ ಬೈಕನ್ನು ಏರಿಸುವ ಮೊದಲು ತಲಾ 50 ಕಿಲೋ ತೂಕದ ನಾಲ್ಕೈದು ಮೂಟೆಗಳನ್ನು ಪೀಠದ ಮೇಲೆ ಒಂದು ರಾತ್ರಿ ಹೇರಿಟ್ಟು, ಬೆಳಿಗ್ಗೆ ಕೂಡಿಕೆಗಳನ್ನು ಪರೀಕ್ಷಿಸತಕ್ಕದ್ದು. ಏರಿಸುವಾಗ ಇಬ್ಬರಿರಬೇಕು, ಎಂಜಿನ್ ಚಾಲೂ ಮಾಡಿ ಏರಿಸಕೂಡದು. ಮೇಲೆ ಬಂದೊಡನೆ ಡಬಲ್ ಸ್ಟ್ಯಾಂಡ್ ಹಾಕಿ ಹಗ್ಗ ಬಿಗಿದ ನಂತರವೇ ಕೈಬಿಡುವುದು. ಮುಂಚಕ್ರವನ್ನು ಬಿಚ್ಚುವುದಾದರೆ ಮೊದಲು ಎಂಜಿನಿನ ಕೆಳಗೆ, ಸೈಲೆನ್ಸರಿಗೆ ತಾಗದಂತೆ, ಗಟ್ಟಿ ದಿಮ್ಮಿಯನ್ನು ಕೊಡಬೇಕು.

ಪೀಠದ ಕಾಲುಗಳನ್ನು ಮಣ್ಣಿಗೆ ಊರದೆ ಕಲ್ಲುಚಪ್ಪಡಿಗಳ ಮೇಲಿಟ್ಟು, ಬುಡಕ್ಕೆ ಡಾಂಬರು ಬಳಿದರೆ ಗೆದ್ದಲಿನ ಕಾಟ ಕಡಿಮೆ. ಚಪ್ಪಡಿಗೆ ಈ ಸೀಮೆಯಲ್ಲಿ ಬರವಿಲ್ಲ. ಆದರೆ ಜಾಗವಿದೆಯೆಂದು ಸಾಕಣೆಮನೆಯಲ್ಲಿಯೋ ಅದರ ಜಗಲಿಯಲ್ಲಿಯೋ ಇದನ್ನು ಇಡಬಾರದು. ಪೆಟ್ರೋಲು, ಸೀಮೆಎಣ್ಣೆಗಳ ವಾಸನೆ ಹುಳುವಿಗೆ ಆಗದು. ಎಣ್ಣೆ ಮೆತ್ತಿದ ಕೈಯಿಂದ ಸೊಪ್ಪನ್ನು ಮುಟ್ಟುವುದೂ ಅಷ್ಟೇ ಕೆಟ್ಟದ್ದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದು, ಬಟ್ಟೆ ಬದಲಾಯಿಸಿ ಹುಳುವಿನ ಬಳಿಗೆ ಹೋಗತಕ್ಕದ್ದು. ಸೊಪ್ಪು ಕಟ್ಟುವ ಗೋಣಿಯನ್ನು ಪೀಠದ ಮೇಲೆ ಹಾಸುವ ಅಭ್ಯಾಸವನ್ನು ಆರಂಭದಲ್ಲಿಯೇ ತಡೆಯಬೇಕು. ಬಸಿದ ಹಳೆಯ ಆಯಿಲನ್ನು ಹಿಪ್ಪುನೇರಳೆಯ ಬುಡಕ್ಕಾಗಲಿ ಕಾಲುವೆಗಾಗಲಿ ಚೆಲ್ಲದೆ, ಮುಚ್ಚಳವಿರುವ ಡಬ್ಬದಲ್ಲಿ ಶೇಖರಿಸಿ, ಹಳೆಯ ಆಯಿಲನ್ನು ಕೊಳ್ಳುವ ಗ್ಯಾರೇಜಿಗೆ ಒಪ್ಪಿಸುವುದು.