ಮೇಣ ತೂಗಿ ಚಿನ್ನ ಕರಗಿಸು

1 ತೊಲ ಮೇಣಕ್ಕೆ 16 ತೊಲ ಚಿನ್ನ, ಬೆಳ್ಳಿಯಾದರೆ 12. ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ದಲ್ಲಿ ಬರೆದಿಟ್ಟ ಲೆಕ್ಕವಿದು. ಅಡುಗೆ, ಆನೆ, ಸಂಗೀತ ಯಾವುದನ್ನೂ ಬಿಡದ ಈ ಅರಸ, ಮೂರ್ತಿ ಎರಕದ ಮಾತಿಗೆ ಬಂದಾಗ ಕುಲುಮೆಯ ಮುಂದೆ ಕೂತೆದ್ದವನ ಹಾಗೆ ವಿವರಕ್ಕಿಳಿಯುತ್ತಾನೆ.

ಮೊದಲು ಮೇಣದಲ್ಲಿ ಮೂರ್ತಿ. ಅದರ ಬೆನ್ನಿಗೋ ಹೆಗಲಿಗೋ ಬಾಯಗಲದ ನಳಿಕೆ. ಮೇಲೆ ಬಳಿಯುವ ಮಣ್ಣಿಗೆ ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ತುಸು ಉಪ್ಪು ಸೇರಿಸಿ ಕಲ್ಲಿನ ಮೇಲೆ ನುಣ್ಣಗೆ ಅರೆಯಬೇಕು. ಮೊದಲ ಲೇಪ ತೀರಾ ತೆಳು. ಮೂರ್ತಿಯ ಕಣ್ಣು, ಉಗುರು, ಸೆರಗಿನ ಗೆರೆಗಳೆಲ್ಲ ಅಚ್ಚಿಗಿಳಿಯುವುದು ಅದರಲ್ಲೇ. ಅದು ನೆರಳಲ್ಲೇ ಒಣಗಬೇಕು, ಬಿಸಿಲಿಗಿಟ್ಟರೆ ಒಳಗಿನ ಮೇಣ ಮೆತ್ತಗಾದೀತು. ಎರಡು ದಿನ ಬಿಟ್ಟು ಎರಡನೆಯ ಲೇಪ, ಅದೂ ಒಣಗಿದ ಮೇಲೆ ದಪ್ಪನೆಯ ಮೂರನೆಯದು. ಹತ್ತಿಯ ಎಳೆ ಮಣ್ಣು ಬಿರಿಯದಂತೆ ಹಿಡಿದಿಡುತ್ತದೆ. ಆಮೇಲೆ ಕಾಯಿಸಿ ಮೇಣ ಹರಿಸಿ, ಆ ಟೊಳ್ಳಿಗೆ ಕರಗಿದ ಲೋಹ ಹೊಯ್ಯುವುದು. ಆರಿದ ಮೇಲೆ ಅಚ್ಚು ಒಡೆಯಲೇಬೇಕು. ಒಂದು ಅಚ್ಚಿಗೆ ಒಂದೇ ಮೂರ್ತಿ.

ಇಂದು ಕಾರ್ಖಾನೆಗಳು ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ಎನ್ನುವುದೂ ಇದನ್ನೇ. ಮಣ್ಣಿನ ಜಾಗಕ್ಕೆ ಸಿರಾಮಿಕ್ ಬಂದಿದೆ, ಆಭರಣದ ಎರಕಕ್ಕೆ ಜಿಪ್ಸಮ್. 1907ರಲ್ಲಿ ಅಮೆರಿಕದ ದಂತವೈದ್ಯ ವಿಲಿಯಂ ಟ್ಯಾಗರ್ಟ್ ಹಲ್ಲಿಗೆ ಚಿನ್ನ ತುಂಬಲು ಇದನ್ನು ಬಳಸಿ ತೋರಿಸಿದ. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನದ ಎಂಜಿನ್ನಿನ ಬ್ಲೇಡುಗಳೂ ಹೀಗೇ ಹುಟ್ಟತೊಡಗಿದವು. ಬೆಂಗಳೂರಿನ ಎಚ್‌ಎಎಲ್ ಫೌಂಡ್ರಿಯಲ್ಲೂ ಈ ಕೆಲಸವಿದೆ. ಆಭರಣ ಎರಕದವರು ಈಗಲೂ ಮೊದಲು ಮೇಣ ತೂಗಿ, ಲೋಹಕ್ಕೆ ತಕ್ಕಂತೆ ಗುಣಿಸಿಯೇ ಚಿನ್ನ ಕರಗಿಸುತ್ತಾರೆ.

ನಮ್ಮ ರಾಯಚೂರು ಜಿಲ್ಲೆಯ ಕಡೆ ನೋಡಿ. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿದ್ದ ಶಾಸನ ಕಂಡದ್ದು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರನಿಗೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ 1947ರಲ್ಲಿ ಶುರುವಾದ ಕಂಪನಿ ಇವತ್ತಿಗೂ ಚಿನ್ನ ತೆಗೆಯುತ್ತಿದೆ. ಭತ್ತದ ನಾಡು ಸಿಂಧನೂರಿನಲ್ಲಿ ರೈಸ್‌ಮಿಲ್ಲುಗಳ ಹೊಟ್ಟಿಗೇನು ಬರ? ಹತ್ತಿಯೂ ಈ ಜಿಲ್ಲೆಯ ಬೆಳೆಯೇ. ಸೋಮೇಶ್ವರನ ಪಟ್ಟಿಯ ಸಾಮಾನೆಲ್ಲ ಕೈಗೆಟುಕುವಲ್ಲೇ ಇದೆ.

ಆದರೂ ಹಟ್ಟಿಯ ಚಿನ್ನ ಗಟ್ಟಿಯಾಗಿ ಊರು ಬಿಡುತ್ತದೆ. ದೂರದ ಪಟ್ಟಣಗಳ ಯಂತ್ರದಲ್ಲಿ ಎರಕಗೊಂಡ ಉಂಗುರ, ಜುಮುಕಿಗಳು ನಮ್ಮ ಅಂಗಡಿಗಳ ಗಾಜಿನ ಪೆಟ್ಟಿಗೆ ಸೇರುತ್ತವೆ. ಪತ್ತಾರರ ಮನೆಯ ಹುಡುಗನಿಗೆ ಸಿಗುವುದು ಕೊಂಡಿ ಬೆಸೆಯುವ, ಉಂಗುರ ಸಡಿಲಿಸುವ ಕೆಲಸ. ಮಸ್ಕಿ, ಲಿಂಗಸುಗೂರು, ಸಿಂಧನೂರು ಈ ಮೂರು ತಾಲ್ಲೂಕಿಗೆ ಸೇರಿ ಒಂದೇ ಒಂದು ಎರಕದ ತರಬೇತಿ ಕೇಂದ್ರ, ಒಂದು ಸಣ್ಣ ಕುಲುಮೆ, ಮೇಣ ತೂಗುವ ಒಂದು ತಕ್ಕಡಿ ಸಿಕ್ಕಿದ್ದರೆ ಅವನೂ ಇಲ್ಲೇ ಚಿನ್ನ ಹೊಯ್ಯುತ್ತಿದ್ದನೇನೋ.