ಮನೆ ಅಂಗಳದಲ್ಲಿ ಲಾರಿಯ ಕ್ಯಾಮ್ ಶಾಫ್ಟ್ ಬದಲಾಯಿಸಿದ್ದು ಹೇಗೆ?



ನಮ್ಮ ಮನೆ ಮುಂದಿನ ಹುಣಸೆ ಮರದ ಕೆಳಗೆ ಒಂಬತ್ತು ದಿನ ಲಾರಿ ಬಾಯಿ ತೆರೆದುಕೊಂಡು ನಿಂತಿದ್ದನ್ನು ನೀವೆಲ್ಲ ನೋಡಿದ್ದೀರಿ. "ಏನೋ, ನಿಮ್ಮ ಲಾರಿ ಗುಜರಿಗೆ ಹೋಯ್ತಾ?" ಅಂತ ಕೆಲವರು ಕೇಳಿದಿರಿ. ಗುಜರಿಗೆ ಹೋಗಲಿಲ್ಲ. ಅದರ ಹೊಟ್ಟೆಯೊಳಗಿನ ಒಂದು ದಂಡವನ್ನು ಬದಲಾಯಿಸಿದೆವು. ಅದೇ ಕ್ಯಾಮ್ ಶಾಫ್ಟ್. ನಾನು ಕಂಡದ್ದನ್ನು, ಮಾವ ಹೇಳಿಕೊಟ್ಟದ್ದನ್ನು ಇಲ್ಲಿ ಬರೆದಿದ್ದೇನೆ.

1. ಕ್ಯಾಮ್ ಶಾಫ್ಟ್ ಅಂದರೇನು?

ಎತ್ತಿನ ಗಾಡಿಯ ಚಕ್ರದ ಮೇಲೆ ಒಂದು ಕಡೆ ಮಾತ್ರ ಉಬ್ಬು ಇದೆ ಅಂತ ಊಹಿಸಿಕೊಳ್ಳಿ. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಗಾಡಿ ಒಂದು ಸಲ ಎದ್ದು ಇಳಿಯುತ್ತೆ. ಕ್ಯಾಮ್ ಶಾಫ್ಟಿನ ಕೆಲಸವೂ ಇಷ್ಟೇ. ಅದು ಸುಮಾರು ಮೂರಡಿ ಉದ್ದದ ಉಕ್ಕಿನ ದಂಡ. ಅದರ ಮೇಲೆ ಕೋಳಿಮೊಟ್ಟೆ ಆಕಾರದ ಉಬ್ಬುಗಳಿವೆ. ನಮ್ಮ ಲಾರಿಗೆ ಆರು ಸಿಲಿಂಡರ್, ಒಂದೊಂದಕ್ಕೆ ಎರಡು ವಾಲ್ವ್, ಅಂದರೆ ಒಟ್ಟು 12 ಉಬ್ಬು. ದಂಡ ತಿರುಗಿದಾಗ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತೆ, ಟ್ಯಾಪೆಟ್ಟು ಪುಶ್ ರಾಡನ್ನು, ಪುಶ್ ರಾಡು ರಾಕರನ್ನು ಎತ್ತುತ್ತೆ. ರಾಕರಿನ ಇನ್ನೊಂದು ತುದಿ ವಾಲ್ವನ್ನು ಕೆಳಗೆ ಒತ್ತಿ ತೆರೆಯುತ್ತೆ. ಒಂದು ವಾಲ್ವಿನಿಂದ ಗಾಳಿ ಒಳಗೆ, ಇನ್ನೊಂದರಿಂದ ಹೊಗೆ ಹೊರಗೆ.

ಹೀರುವುದು, ಒತ್ತುವುದು, ಉರಿಯುವುದು, ಹೊರಹಾಕುವುದು – ಈ ನಾಲ್ಕು ಕೆಲಸ ಮುಗಿಯಲು ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ಒಂದೊಂದು ವಾಲ್ವೂ ಒಂದೇ ಸಲ ತೆರೆದರೆ ಸಾಕು. ಅದಕ್ಕೇ ಕ್ಯಾಮ್ ಗಿಯರಿನ ಹಲ್ಲು ಕ್ರ್ಯಾಂಕ್ ಗಿಯರಿನ ಹಲ್ಲಿಗಿಂತ ಸರಿಯಾಗಿ ಎರಡರಷ್ಟು. ಇಂಜಿನ್ ನಿಮಿಷಕ್ಕೆ 2000 ಸುತ್ತು ಓಡುವಾಗ ಕ್ಯಾಮ್ 1000 ಸುತ್ತು ತಿರುಗುತ್ತೆ. ಅಂದರೆ ಒಂದೊಂದು ವಾಲ್ವು ಸೆಕೆಂಡಿಗೆ 16ಕ್ಕೂ ಹೆಚ್ಚು ಸಲ ತೆರೆದು ಮುಚ್ಚುತ್ತೆ!

2. ರೋಗ ಗೊತ್ತಾದದ್ದು ಹೇಗೆ?

ಆಲೆಮನೆಯಿಂದ ಮಂಡ್ಯಕ್ಕೆ ಬೆಲ್ಲ ಹೊತ್ತುಕೊಂಡು ಹೋಗುವಾಗ ಲಾರಿ ದಿಬ್ಬ ಹತ್ತದೆ ಏದುಸಿರು ಬಿಡತೊಡಗಿತು. ಟಕ್ ಟಕ್ ಶಬ್ದ, ಕಪ್ಪು ಹೊಗೆ. ಏರ್ ಕ್ಲೀನರಿನ ಕಡೆಯಿಂದ ಢಬ್ ಢಬ್ ಅಂತ ಹಿಂದಕ್ಕೆ ಊದುತ್ತಿತ್ತು. ಅಪ್ಪ ಎರಡು ಸಲ ಟ್ಯಾಪೆಟ್ ಗ್ಯಾಪ್ ಸರಿ ಮಾಡಿಸಿದರು. ವಾರದಲ್ಲಿ ಮತ್ತೆ ಅದೇ ಕಥೆ.

ಮಂಡ್ಯದಲ್ಲಿ ಲಾರಿ ಮೆಕ್ಯಾನಿಕ್ ಆಗಿರುವ ನಮ್ಮ ಸೋದರಮಾವ ಬಂದು ಮೇಲಿನ ಕವರ್ ತೆಗೆದರು. ಅಪ್ಪ ಪಾನಾ ಹಾಕಿ ಇಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದರು. ಹನ್ನೊಂದು ರಾಕರ್ ಚೆನ್ನಾಗಿ ಬಗ್ಗಿ ಏಳುತ್ತಿದ್ದವು. ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್ ರಾಕರ್ ಮಾತ್ರ ಸ್ವಲ್ಪವೇ ಅಲ್ಲಾಡಿ ಸುಮ್ಮನಾಗುತ್ತಿತ್ತು. "ಭಾವ, ಕ್ಯಾಮ್ ಸವೆದಿದೆ. ಹೊಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಗಾಳಿ ಬರೋ ಕಡೆಗೇ ತಿರುಗ್ತಿದೆ" ಅಂದರು ಮಾವ.

ಟೌನಿಗೆ ಎಳೆಸಿಕೊಂಡು ಹೋಗುವ ಖರ್ಚು, ಗ್ಯಾರೇಜ್ ಬಾಡಿಗೆ ಎಲ್ಲ ಲೆಕ್ಕ ಹಾಕಿದಾಗ ಅಪ್ಪನ ಮುಖ ಸಪ್ಪಗಾಯಿತು. ಲಾರಿ ನಿಂತರೆ ಸಾಲದ ಕಂತೂ ನಿಲ್ಲುತ್ತೆ, ಅಕ್ಕನ ಕಾಲೇಜು ಫೀಸೂ ನಿಲ್ಲುತ್ತೆ. "ಇಲ್ಲೇ ಮಾಡೋಣ, ಆದ್ರೆ ಅವಸರ ಮಾಡಬಾರದು" ಅಂದರು ಮಾವ.

3. ಬಿಚ್ಚಿದ ಕ್ರಮ

ಮೊದಲು ಸಮತಟ್ಟಾದ ಜಾಗದಲ್ಲಿ ಲಾರಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಟ್ಟೆವು. ಬ್ಯಾಟರಿಯ ಮೈನಸ್ ವೈರು ಬಿಚ್ಚಿದರು. ನೀರು, ಆಯಿಲ್ ಇಳಿಸಿದರು. ಮುಂದಿನ ಜಾಲರಿ, ರೇಡಿಯೇಟರ್, ಫ್ಯಾನ್ ತೆಗೆದರು. ಕ್ಯಾಮ್ ಶಾಫ್ಟ್ ಮುಂದಕ್ಕೇ ಎಳೆದು ತೆಗೆಯಬೇಕಾದ್ದರಿಂದ ಎದುರಿಗೆ ಜಾಗ ಬೇಕು.

ಆಮೇಲೆ ರಾಕರುಗಳನ್ನು ಬಿಚ್ಚಿ ಪುಶ್ ರಾಡ್ ಹೊರತೆಗೆದರು. ಇಲ್ಲಿಂದ ನನ್ನ ಕೆಲಸ. ರಟ್ಟಿನ ಡಬ್ಬಕ್ಕೆ 12 ತೂತು ಮಾಡಿ, 1ರಿಂದ 12ರವರೆಗೆ ನಂಬರ್ ಬರೆದು, ಬಂದ ಕ್ರಮದಲ್ಲೇ ನಿಲ್ಲಿಸಿದೆ. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಯಾಕೆಂದರೆ ಒಂದೊಂದೂ ತನ್ನ ಜೋಡಿಯ ಜೊತೆ ಸವೆದು ಹೊಂದಿಕೊಂಡಿರುತ್ತೆ. ಬೋಲ್ಟುಗಳನ್ನೂ ಬೇರೆ ಬೇರೆ ತೆಂಗಿನ ಚಿಪ್ಪಿನಲ್ಲಿ ಹಾಕಿ ಚೀಟಿ ಇಟ್ಟೆ.

ಮುಂದಿನ ಪುಲ್ಲಿಯನ್ನು ಪುಲ್ಲರಿನಿಂದ ಎಳೆದು, ಟೈಮಿಂಗ್ ಕವರ್ ತೆಗೆದಾಗ ಗಿಯರುಗಳು ಕಂಡವು. ಮಾವ ಇಂಜಿನ್ ತಿರುಗಿಸಿ ಗುರುತುಗಳನ್ನು ಎದುರುಬದುರು ತಂದರು. ಕ್ರ್ಯಾಂಕ್ ಗಿಯರಿನ ಒಂದು ಹಲ್ಲಿನ ಮೇಲೆ ಒಂದು ಚುಕ್ಕೆ. ಕ್ಯಾಮ್ ಗಿಯರಿನ ಅಕ್ಕಪಕ್ಕದ ಹಲ್ಲುಗಳ ಮೇಲೆ ಎರಡು ಚುಕ್ಕೆ. ಆ ಒಂದು ಈ ಎರಡರ ನಡುವೆ ಕೂರಬೇಕು. ಡೀಸೆಲ್ ಪಂಪಿನ ಗಿಯರಿಗೂ ಇಂಥದೇ ಗುರುತು. "ಇದನ್ನ ಬುಕ್ಕಲ್ಲಿ ಬರ್ಕೋ ಮಗ" ಅಂದರು. ಚಿತ್ರ ಬರೆದುಕೊಂಡೆ.

ಪಕ್ಕದ ಕವರ್ ಬಿಚ್ಚಿ ಟ್ಯಾಪೆಟ್ಟುಗಳನ್ನು ತೆಗೆದರು. (ಎಲ್ಲ ಇಂಜಿನ್ನಿನಲ್ಲೂ ಹೀಗಿರಲ್ಲ. ಕೆಲವದರಲ್ಲಿ ತಳದ ಚೇಂಬರ್ ಬಿಚ್ಚಿ ಕೆಳಗಿನಿಂದ ತೆಗೆಯಬೇಕು.) ಕೊನೆಗೆ ಕ್ಯಾಮ್ ಹಿಡಿದಿರುವ ಪ್ಲೇಟಿನ ಬೋಲ್ಟ್ ಬಿಚ್ಚಿ, ತಿರುಗಿಸುತ್ತಾ ತಿರುಗಿಸುತ್ತಾ ಮೆಲ್ಲಗೆ ಹೊರಗೆಳೆದರು. ಉಬ್ಬು ತಾಗಿ ಒಳಗಿನ ಬುಷ್ಷಿಗೆ ಗೀರು ಬೀಳಬಾರದು.

4. ಸವೆದದ್ದು ಯಾಕೆ?

ವಿಜ್ಞಾನದ ಮೇಷ್ಟ್ರ ಅನುಮತಿ ಪಡೆದು ಪ್ರಯೋಗಾಲಯದ ವರ್ನಿಯರ್ ತಂದಿದ್ದೆ. ಪಾಠದಲ್ಲಿ ಗೋಲಿಯ ವ್ಯಾಸ ಅಳೆದಿದ್ದೆವಲ್ಲ, ಅದೇ. ಕೆಟ್ಟ ಉಬ್ಬು ಬೇರೆಯವಕ್ಕಿಂತ 2.3 ಮಿ.ಮೀ. ಕಡಿಮೆ ಇತ್ತು. ಅದರ ಟ್ಯಾಪೆಟ್ಟಿನ ತಳ ಬಟ್ಟಲಿನಂತೆ ಗುಳಿ ಬಿದ್ದಿತ್ತು. ಇಳಿಸಿದ ಆಯಿಲಿನಲ್ಲಿ ಆಯಸ್ಕಾಂತ ಅದ್ದಿದರೆ ಕಬ್ಬಿಣದ ಪುಡಿ ಮೆತ್ತಿಕೊಂಡಿತು.

ತಪ್ಪು ನಮ್ಮದೇ. ಸೀಸನ್ನಿನ ಗಡಿಬಿಡಿಯಲ್ಲಿ ಆಯಿಲ್ ಬದಲಾಯಿಸುವುದನ್ನು ಅಪ್ಪ ಎರಡು ಸಲ ಮುಂದಕ್ಕೆ ಹಾಕಿದ್ದರು. ಉಬ್ಬಿಗೂ ಟ್ಯಾಪೆಟ್ಟಿಗೂ ನಡುವೆ ಇರುವುದು ಆಯಿಲಿನ ತೆಳುವಾದ ಪೊರೆ ಅಷ್ಟೆ. ಅದು ಹೋದರೆ ಉಕ್ಕು ಉಕ್ಕನ್ನೇ ತಿನ್ನುತ್ತೆ.

5. ಜೋಡಿಸಿದ್ದು, ಮತ್ತು ನಡೆದ ಒಂದು ಸಂಗತಿ

ಹೊಸ ಕ್ಯಾಮ್ ತಂದು, ಲೇತ್ ಅಂಗಡಿಯಲ್ಲಿ ಹಳೇ ಗಿಯರನ್ನು ಅದಕ್ಕೆ ಪ್ರೆಸ್ ಮಾಡಿಸಿದರು. ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್ಟೇ ಹಾಕಬೇಕು. ಗುಳಿ ಬಿದ್ದ ಹಳೇದು ಹಾಕಿದರೆ ಹೊಸ ಉಬ್ಬನ್ನೂ ತಿಂದುಬಿಡುತ್ತೆ. ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆದು, ಆಯಿಲ್ ಹಚ್ಚಿ ಒಳಗೆ ಸೇರಿಸಿದರು.

ಅಷ್ಟೊತ್ತಿಗೆ ಕತ್ತಲಾಗಿತ್ತು. ನಾನು ಟಾರ್ಚ್ ಹಿಡಿದಿದ್ದೆ. ಗಿಯರು ಕೂತಿತು, "ಆಯ್ತು, ಕವರ್ ಕೊಡಿ ಭಾವ" ಅಂದರು ಮಾವ. ನನ್ನ ಬುಕ್ಕಿನ ಚಿತ್ರ ನೋಡಿದೆ, ಗಿಯರು ನೋಡಿದೆ. ಚುಕ್ಕೆ ಎರಡರ ನಡುವೆ ಇರಲಿಲ್ಲ, ಆಚೆಗಿತ್ತು. ಹೇಳಲೋ ಬೇಡವೋ ಅಂತ ಭಯ. ಆದರೂ "ಮಾವ, ಚುಕ್ಕೆ ತಪ್ಪಿದೆ ಅನ್ಸುತ್ತೆ" ಅಂದೆ. "ಲೋ, ಇಪ್ಪತ್ತು ವರ್ಷದಿಂದ ಮಾಡ್ತಿದ್ದೀನಿ ಕಣೋ" ಅಂದರು. ಆದರೂ ಬಟ್ಟೆಯಿಂದ ಗ್ರೀಸ್ ಒರೆಸಿ ನೋಡಿದರು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಒಂದು ಹಲ್ಲು ತಪ್ಪಿದೆ ಭಾವ, ಇವತ್ತು ಸಾಕು. ಬೆಳಕಲ್ಲಿ ನೋಡೋಣ" ಅಂತ ಪಾನಾ ಕೆಳಗಿಟ್ಟರು.

ಯಾಕೆ ಹೀಗಾಯಿತು ಅಂತ ಬೆಳಿಗ್ಗೆ ತೋರಿಸಿದರು. ಈ ಗಿಯರಿನ ಹಲ್ಲುಗಳು ನೇರವಾಗಿಲ್ಲ, ಓರೆಯಾಗಿವೆ. ಒಳಗೆ ತಳ್ಳುವಾಗ ಗಿಯರು ತಾನಾಗಿಯೇ ಸ್ವಲ್ಪ ತಿರುಗುತ್ತೆ. ಆದ್ದರಿಂದ ಶುರುವಿನಲ್ಲಿ ಅಲ್ಲ, ಪೂರ್ತಿ ಕೂತ ಮೇಲೆ ಚುಕ್ಕೆ ಸರಿಯಿದೆಯಾ ಅಂತ ನೋಡಬೇಕು.

ಒಂದು ಹಲ್ಲಿಗೆ ಏನಾಗುತ್ತೆ ಅನ್ನಬೇಡಿ. ಗಿಯರಿಗೆ 60 ಹಲ್ಲಿದ್ದರೆ ಒಂದು ಹಲ್ಲು ಅಂದರೆ 6 ಡಿಗ್ರಿ. ಕ್ರ್ಯಾಂಕಿನ ಲೆಕ್ಕದಲ್ಲಿ 12 ಡಿಗ್ರಿ. ಡೀಸೆಲ್ ಇಂಜಿನ್ನಿಗೆ ಪ್ಲಗ್ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತೆ. ಅದಕ್ಕೇ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಕಡಿಮೆ. ಆ ಹೊತ್ತಿನಲ್ಲಿ ವಾಲ್ವು ಮುಚ್ಚಿರದಿದ್ದರೆ ಪಿಸ್ಟನ್ ಬಂದು ಗುದ್ದುತ್ತೆ. ವಾಲ್ವು ಬಗ್ಗುತ್ತೆ, ಪಿಸ್ಟನ್ ಒಡೆಯುತ್ತೆ. ಗುದ್ದದೆ ಉಳಿದರೂ ಹೊಗೆ ಜಾಸ್ತಿ, ಎಳೆಯುವ ಶಕ್ತಿ ಕಡಿಮೆ.

6. ಸ್ಟಾರ್ಟ್ ಮಾಡುವ ಮುಂಚೆ

ಪುಶ್ ರಾಡುಗಳನ್ನು ನಂಬರ್ ಪ್ರಕಾರ ಹಾಕಿ, ಫೀಲರ್ ಗೇಜಿನಿಂದ ಗ್ಯಾಪ್ ಇಟ್ಟರು. ನಮ್ಮ ಲಾರಿಯ ಪುಸ್ತಕದ ಪ್ರಕಾರ ಇನ್ಲೆಟ್ಟಿಗೆ 0.20, ಎಕ್ಸಾಸ್ಟಿಗೆ 0.30 ಮಿ.ಮೀ. ಬೇರೆ ಲಾರಿಗೆ ಬೇರೆ ಅಳತೆ ಇರುತ್ತೆ. ನಂತರ ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿದರು. ಎಲ್ಲೂ ತಡೆಯಲಿಲ್ಲ. ಹೊಸ ಆಯಿಲ್, ನೀರು ತುಂಬಿ, ಬ್ಯಾಟರಿ ವೈರು ಹಾಕಿದರು. ಸ್ಟಾಪ್ ಎಳೆದು ಹಿಡಿದು ಸೆಲ್ಫ್ ಹೊಡೆದು ಮೊದಲು ಆಯಿಲ್ ಮೇಲೇರಿಸಿದರು.

ಆಮೇಲೆ ಸ್ಟಾರ್ಟ್. ಒಂದೇ ಏಟಿಗೆ ಹಿಡಿಯಿತು! ಸುಮಾರು 20 ನಿಮಿಷ ತೀರಾ ನಿಧಾನಕ್ಕೆ ಬಿಡದೆ ಸ್ವಲ್ಪ ವೇಗದಲ್ಲೇ ಓಡಿಸಿದರು. ಹೊಸ ಉಬ್ಬುಗಳಿಗೆ ಆಯಿಲ್ ಚೆನ್ನಾಗಿ ಸಿಡಿದು ಬೀಳಲಿ ಅಂತ. ಅಮ್ಮ ಬಂದು ರೇಡಿಯೇಟರಿಗೆ ಕುಂಕುಮ ಇಟ್ಟರು. ಅಪ್ಪ ಏನೂ ಹೇಳಲಿಲ್ಲ, ನನ್ನ ಬುಕ್ಕನ್ನು ತೆಗೆದು ಲಾರಿಯ ದಾಖಲೆಗಳ ಜೊತೆ ಇಟ್ಟುಕೊಂಡರು.

7. ಕೊನೆಯ ಮಾತು

ಇದನ್ನು ಓದಿ ಯಾರೂ ಒಬ್ಬರೇ ಇಂಜಿನ್ ಬಿಚ್ಚಲು ಹೋಗಬೇಡಿ. ತಿಳಿದವರು ಜೊತೆಯಲ್ಲಿರಬೇಕು. 2020ರ ಏಪ್ರಿಲ್‌ನಿಂದ ಬಂದಿರುವ ಬಿ.ಎಸ್.-6 ಲಾರಿಗಳಲ್ಲಿ ಸೆನ್ಸಾರ್, ಕಂಪ್ಯೂಟರ್ ಇರುತ್ತವೆ, ಅವುಗಳ ಕೆಲಸ ಇಷ್ಟು ಸುಲಭವಲ್ಲ. ಹಳೇ ಆಯಿಲನ್ನು ನಾಲೆಗೆ, ಮಣ್ಣಿಗೆ ಚೆಲ್ಲಬೇಡಿ. ನಾವು ಡಬ್ಬದಲ್ಲಿ ತುಂಬಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಟ್ಟೆವು.

ಬಿಚ್ಚುವಾಗ ಬರೆದಿಟ್ಟುಕೊಂಡರೆ ಜೋಡಿಸುವಾಗ ದಾರಿ ತಪ್ಪುವುದಿಲ್ಲ. ದೊಡ್ಡವರ ಕೆಲಸದಲ್ಲಿ ತಪ್ಪು ಕಂಡರೆ ವಿನಯದಿಂದ ಹೇಳಬೇಕು. ಹೇಳಿದವನು ಚಿಕ್ಕವನಾದರೂ ಒರೆಸಿ ನೋಡಬೇಕು. ನಮ್ಮ ಮಾವ ನೋಡಿದ್ದರಿಂದಲೇ ನಮ್ಮ ಲಾರಿ ಇವತ್ತು ರಸ್ತೆ ಮೇಲಿದೆ.

ಸವೆದ ಟ್ಯಾಪೆಟ್ಟನ್ನು ವಿಜ್ಞಾನದ ಕಪಾಟಿನಲ್ಲಿ ಇಡಲು ಕೊಟ್ಟಿದ್ದೇನೆ. ಎಲ್ಲರೂ ನೋಡಿ.

– 9ನೇ ತರಗತಿಯ ವಿದ್ಯಾರ್ಥಿ